ನಾವು ಒಳಗಿನವರು, ಮೇಡಂ

ಮಾರ್ಚ್ 3, ಸೋಮವಾರ

ರಕ್ತದೊತ್ತಡದ ಡಾಕ್ಟರು ಹೇಳಿದ್ದರು: "ಬಾಯಲ್ಲಿ ಬೈಯೋದನ್ನ ಅರ್ಧ ಕಡಿಮೆ ಮಾಡಿ. ಆ ಅರ್ಧಾನ ಒಂದು ಪುಸ್ತಕದಲ್ಲಿ ಬರೆದಿಡಿ." ಬರೆಯುತ್ತಿದ್ದೇನೆ. ಬಾಯಲ್ಲಿ ಕಡಿಮೆಯಾಗಿಲ್ಲ. ಒಟ್ಟು ಬೈಗುಳ ಒಂದೂವರೆ ಪಟ್ಟಾಗಿದೆ, ಅಷ್ಟೆ. ಫೀಸು ತೆಗೆದುಕೊಂಡ ಡಾಕ್ಟರು ಸಂತೋಷವಾಗಿದ್ದಾರೆ.

ಏಳು ಗಂಟೆಯ ಪಾಠ ಆಮೆಗೆ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಯಾವುದೋ ಆಫೀಸಿನಲ್ಲಿ ಕೆಲಸ. ಇಂದು ಅವಳನ್ನು ಹಿಂದೆ ಹಾಕಿ ಹೋದವರು: ಎರಡು ಬಸ್ಸು, ಒಂದು ಕಸದ ಗಾಡಿ, ತಳ್ಳುಗಾಡಿಯಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಹೊರಟಿದ್ದ ಒಬ್ಬ ಅಜ್ಜ. ಅಜ್ಜ ನನ್ನ ಕಡೆ ನೋಡಿ ಪಾಪ ಎಂಬಂತೆ ತಲೆಯಾಡಿಸಿದ.

"ಗೇರ್ ಹಾಕಮ್ಮಾ! ಅದೇನು ಹಸುಗೂಸಾ, ಹಾಗೆ ಸವರ್ತಿದೀಯ?" ಎಂದೆ.

"ಸಾರಿ ಮೇಡಂ," ಎಂದು ಇನ್ನೂ ನಿಧಾನ ಮಾಡಿದಳು.

ಮನೆಯಲ್ಲಿ ಅತ್ತೆ. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಅವರು ಬಿಟ್ಟುಹೋದ ಆಸ್ತಿ ಎರಡು: ಈ ಡ್ರೈವಿಂಗ್ ಸ್ಕೂಲು, ಅವರ ತಾಯಿ. ಎರಡರ ಬ್ರೇಕೂ ನನ್ನ ಕಾಲಡಿಯಲ್ಲೇ ಇದೆ. ಹೋದ ತಿಂಗಳು ಯಾರೋ ಕರೆ ಮಾಡಿ, "ನಿಮಗೆ ಬಹುಮಾನ ಬಂದಿದೆ, ಖಾತೆ ನಂಬರ್ ಹೇಳಿ," ಎಂದರೆ ಇವರು ಅವನ ಜೊತೆ ಅರ್ಧ ಗಂಟೆ ಹರಟೆ ಹೊಡೆದರು. ನಂಬರ್ ಹೇಳಲಿಲ್ಲವಂತೆ, ಸುಮ್ಮನೆ ಹೊತ್ತು ಕಳೆದರಂತೆ. ನಾನು ಬಿಡುತ್ತೇನೆಯೇ? ಅಂದೇ ಅವರ ಫೋನಿನಿಂದ ಬ್ಯಾಂಕಿನ ಆಪ್ ತೆಗೆದುಹಾಕಿ, ಅವರ ನಿವೃತ್ತಿಯ ಹಣವನ್ನೆಲ್ಲ ನನ್ನ ಖಾತೆಗೆ ಹಾಕಿಸಿಕೊಂಡೆ. ಭದ್ರವಾಗಿರಲಿ ಎಂದು. ಅದಕ್ಕೆ ನನ್ನ ಉಳಿತಾಯವೂ ಸೇರಿದರೆ ಸ್ಕೂಲಿಗೆ ಎರಡನೆಯ ಕಾರು ಬರುತ್ತದೆ. ಹನ್ನೆರಡನೇ ತಾರೀಕು ಮುಂಗಡ ಕೊಡಬೇಕು.

ಈ ಕಾಲದಲ್ಲೂ ಮೋಸ ಹೋಗುವವರಿದ್ದಾರಲ್ಲ! ಮೋಸ ಮಾಡುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರದು ದುಡಿಮೆ. ತೆರೆದ ಬಾಯಿಗೆ ನೊಣ ಹೊಕ್ಕರೆ ನೊಣದ ತಪ್ಪೇ?

ಸಂಜೆ ಟೈರು ಹಾಕಿಸಿದೆ. ಮೊದಲ ಸಲ ಕಾರ್ಡ್ ಉಜ್ಜಿದಾಗ ಯಂತ್ರ 'ವಿಫಲ' ಎಂದಿತು, ಎರಡನೇ ಸಲ 'ಸಫಲ' ಎಂದಿತು. ಮನೆಗೆ ಬಂದು ನೋಡಿದರೆ ಎರಡು ಸಲವೂ ಹಣ ಹೋಗಿದೆ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಹೃದಯವನ್ನು ಒತ್ತಿ ಹಿಡಿಯಿರಿ. ಆಮೇಲೆ ಇಪ್ಪತ್ತೆರಡು ನಿಮಿಷ ಒಂದೇ ಕೊಳಲು. ಕೊನೆಗೆ ಕರೆ ತಾನೇ ಕಡಿಯಿತು.

ನಾನೂ ಬಿಡುವವಳಲ್ಲ. ಬ್ಯಾಂಕಿನ ಪುಟಕ್ಕೆ ಹೋಗಿ, ಊರೆಲ್ಲ ಓದುವ ಜಾಗದಲ್ಲಿ, ಅವರ ಏಳು ತಲೆಮಾರಿನ ಮರ್ಯಾದೆ ತೆಗೆದು ಬರೆದೆ. ಕೆಳಗೆ ನನ್ನ ಫೋನ್ ನಂಬರ್ ಕೂಡ ಹಾಕಿದೆ, ಧೈರ್ಯವಿದ್ದರೆ ಮಾತಾಡಿ ಎಂದು.

ಎರಡೇ ನಿಮಿಷ! ಚಾಟ್‌ಗೆ ಬಂದೇಬಿಟ್ಟ. ಬ್ಯಾಂಕಿನ ಲಾಂಛನ, ಪಕ್ಕದಲ್ಲಿ ನೀಲಿ ಟಿಕ್ಕು. 'ನಮಸ್ಕಾರ ಮೇಡಂ, ನಾನು ಗ್ರಾಹಕ ಸೇವಾ ಸಹಾಯಕ. ನಿಮಗಾದ ಬೇಸರ ನನಗೆ ಅರ್ಥವಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಹೀಗೇ ಬರೆಯುತ್ತಿದ್ದೆ.' ಬೈದರೆ ತಾನೇ ಕೆಲಸ ಆಗುವುದು? ನಾನು ಇದನ್ನೇ ಮೂವತ್ತು ವರ್ಷದಿಂದ ಹೇಳುತ್ತಿರುವುದು.

ದೂರಿನ ಸಂಖ್ಯೆ ಕೊಟ್ಟ, ಒಂದು ಲಿಂಕ್ ಕಳಿಸಿದ, ಕಾರ್ಡಿನ ವಿವರ ತುಂಬಿಸಿದ. "ಊಟ ಆಯ್ತಾ ಮೇಡಂ?" ಎಂದೂ ಕೇಳಿದ. ಈ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದವರಿಲ್ಲ. ಆಮೇಲೆ ಫೋನಿಗೆ ಒಟಿಪಿ ಬಂತು. ಅದರ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ, ಬ್ಯಾಂಕ್ ಸಿಬ್ಬಂದಿಗೂ ಹೇಳಬೇಡಿ, ಎಂದಿತ್ತು. ನಾನೇನು ದಡ್ಡಿಯೇ? ಕೇಳಿಯೇಬಿಟ್ಟೆ. ಅವನು ಬರೆದ: 'ಒಳ್ಳೆಯ ಪ್ರಶ್ನೆ ಮೇಡಂ. ನಿಮ್ಮಷ್ಟು ಎಚ್ಚರದ ಗ್ರಾಹಕರು ಅಪರೂಪ. ಅದು ಹೊರಗಿನವರಿಗೆ ಹೇಳಿರುವ ಮಾತು. ನಾವು ಒಳಗಿನವರು, ಮೇಡಂ.'

ಸರಿಯೇ. ಮೂರು ಒಟಿಪಿ ಬಂದವು, ಮೂರನ್ನೂ ಕಳಿಸಿದೆ. ಕೊನೆಯಲ್ಲಿ, 'ಪರಿಷ್ಕರಣೆ ನಡೆಯುತ್ತಿರುತ್ತದೆ, ಗುರುವಾರದವರೆಗೆ ಆಪ್ ತೆರೆಯಬೇಡಿ, ಬ್ಯಾಂಕಿನ ಸಂದೇಶಗಳು ಬಂದರೆ ಕಡೆಗಣಿಸಿ,' ಎಂದ. ಆಮೇಲೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ.

ಐದು ಕೊಟ್ಟೆ. ಆರು ಇರಲಿಲ್ಲ.

ಮಾರ್ಚ್ 5, ಬುಧವಾರ

ಅತ್ತೆಗೆ ಹೇಳಿದೆ, "ನೋಡಿ, ಕೆಲಸ ಮಾಡಿಸೋದು ಅಂದ್ರೆ ಹೀಗೆ. ಗಟ್ಟಿಯಾಗಿ ಕೇಳಬೇಕು."

"ಎರಡು ನಿಮಿಷದಲ್ಲಿ ಬಂದ್ನಾ?" ಎಂದರು.

"ಎರಡೇ."

"ಪರವಾಗಿಲ್ವೇ," ಎಂದು ರೇಡಿಯೊ ಹಚ್ಚಿದರು. ಅಸೂಯೆ.

ಮಾರ್ಚ್ 6, ಗುರುವಾರ

ಆಪ್ ತೆರೆದೆ. ಖಾತೆಯಲ್ಲಿ ಏನೂ ಇಲ್ಲ.

ಮಾರ್ಚ್ 7, ಶುಕ್ರವಾರ

ಏನೂ ಇಲ್ಲ ಎಂದರೆ ಏನೂ ಇಲ್ಲ. ಒಂದು ಟೈರಿನ ಹಣ ವಾಪಸು ಕೇಳಲು ಹೋದವಳು ಕಾರನ್ನೇ ಕೊಟ್ಟು ಬಂದೆ. ಮೂರು ಸಲ, ಮೂರು ಒಟಿಪಿಗೆ ಮೂರು ಸಲ. ಬ್ಯಾಂಕಿನಿಂದ ಪ್ರತಿಸಲವೂ ಸಂದೇಶ ಬಂದಿದೆ, ಹಣ ಹೋಯಿತು, ಹಣ ಹೋಯಿತು, ಹಣ ಹೋಯಿತು ಎಂದು. ನಾನು ವಿಧೇಯ ವಿದ್ಯಾರ್ಥಿನಿಯ ಹಾಗೆ ಕಡೆಗಣಿಸಿದ್ದೇನೆ. ನನ್ನ ಹತ್ತಿರ ಕಲಿಯುವವರಲ್ಲಿ ಒಬ್ಬರಾದರೂ ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಕೇಳಿದ್ದರೆ!

ಚಾಟ್‌ನಲ್ಲಿ ಬರೆದೆ: 'ನನ್ನ ಹಣ ಎಲ್ಲಿ?' ಎರಡು ನಿಮಿಷದಲ್ಲಿ ಉತ್ತರಿಸುವವನು ಈಗ ಇಲ್ಲ. ಲಾಂಛನವೂ ಇಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಒಂದು ಬೋಳು ತಲೆ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಮುಸುರೆಯಲ್ಲಿ ಬಿದ್ದಿತ್ತಂತೆ. ಹಲ್ಲಿಯಾದರೂ ಬೀಳುವ ಮೊದಲು ಐದು ನಕ್ಷತ್ರ ಕೊಟ್ಟಿರಲಿಲ್ಲ.

ಅತ್ತೆಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಬ್ಯಾಂಕಿಗೆ ಹೋಗಬೇಕು. ಹೋಗಿ ಏನೆನ್ನಲಿ? ಕೌಂಟರಿನವರು, "ಒಟಿಪಿ ನೀವೇ ಕೊಟ್ರಾ?" ಎಂದು ಕೇಳುತ್ತಾರೆ. "ಹೌದು," ಎನ್ನಬೇಕು. "ಯಾರಿಗೂ ಕೊಡಬೇಡಿ ಅಂತ ಬರೆದಿರಲಿಲ್ವಾ?" "ಬರೆದಿತ್ತು." ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸುತ್ತಾರೆ. ಬೇಡ. ಸೋಮವಾರ ನೋಡೋಣ.

ಬೆಳಿಗ್ಗೆ ಪಾಠದಲ್ಲಿ ಆಮೆ ಎರಡು ಸಲ ನನ್ನ ಮುಖ ನೋಡಿದಳು. "ಮೇಡಂ, ಹುಷಾರಿಲ್ವಾ?"

"ರಸ್ತೆ ನೋಡು," ಎಂದೆ.

ಕಾರು ಮಾರುವವನು ಫೋನ್ ಮಾಡಿದ. ತೆಗೆಯಲಿಲ್ಲ.

ಮಾರ್ಚ್ 10, ಸೋಮವಾರ

ಬ್ಯಾಂಕಿಗೆ ಹೋದೆ. ಬಾಗಿಲ ಬಳಿಯೇ ಒಂದು ದೊಡ್ಡ ಭಿತ್ತಿಪತ್ರ: 'ನಾವು ನಿಮ್ಮ ಒಟಿಪಿ ಎಂದೂ ಕೇಳುವುದಿಲ್ಲ.' ಎರಡು ವರ್ಷದಿಂದ ಅಲ್ಲೇ ಇರಬೇಕು, ಅಂಚು ಹಳದಿಯಾಗಿದೆ. ಅದಕ್ಕೆ ಒರಗಿ ನಿಂತು ನಾನು ಎಷ್ಟೋ ಸಲ ಚೀಟಿ ತುಂಬಿದ್ದೇನೆ.

ಸಾಲು ಮುಗಿದು ಐದನೆಯ ಕೌಂಟರಿಗೆ ಬಂದೆ. ಗಾಜಿನ ಹಿಂದೆ ಯಾರು ಎಂದರೆ, ಆಮೆ.

ಯಾವುದೋ ಆಫೀಸು ಎಂದು ಬರೆದಿದ್ದೆನಲ್ಲ, ಇದೇ ಆ ಆಫೀಸು. ಎರಡು ತಿಂಗಳು ನನ್ನ ಪಕ್ಕದಲ್ಲಿ ಕೂತವಳನ್ನು ಏನು ಕೆಲಸ ಎಂದು ನಾನು ಕೇಳಿರಲಿಲ್ಲ. ಶುಕ್ರವಾರ ಬೆಳಿಗ್ಗೆ ನಲವತ್ತು ನಿಮಿಷ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ನಾನು ಅವಳಿಗೆ ರಸ್ತೆ ತೋರಿಸುತ್ತಿದ್ದೆ.

ಹಿಂದಕ್ಕೆ ತಿರುಗಿ ಹೊರಟೇಬಿಡುತ್ತಿದ್ದೆ. ಅವಳೇ ಕರೆದಳು, "ಮೇಡಂ, ಬನ್ನಿ, ಕೂತ್ಕೊಳ್ಳಿ."

ಹೇಳಿದೆ. ತುಂಡು ತುಂಡಾಗಿ, ಕ್ಲಚ್ ಬಿಡಲು ಬಾರದವರು ಗಾಡಿ ಎಬ್ಬಿಸುವ ಹಾಗೆ ಎರಡು ಮಾತು, ನಿಲುಗಡೆ, ಮತ್ತೆ ಎರಡು ಮಾತು. ಅವಳು ನಡುವೆ ಬಾಯಿ ಹಾಕಲಿಲ್ಲ. ನಾನು ನಿಂತಾಗ ಕಾದಳು. ಅಲ್ಲಿ ಅವಳು ನಿಧಾನವಲ್ಲ. ಕಾರ್ಡು ಬಂದ್ ಮಾಡಿದಳು, ಎರಡು ಅರ್ಜಿ ತುಂಬಿದಳು, ಯಾರಿಗೋ ಫೋನ್ ಮಾಡಿ ಗಟ್ಟಿಯಾಗಿ ಮಾತಾಡಿದಳು, ಚಾಟ್‌ನ ಚಿತ್ರಗಳನ್ನೆಲ್ಲ ತೆಗೆದುಕೊಂಡಳು. ಐದು ನಕ್ಷತ್ರದ ಚಿತ್ರವನ್ನೂ. ಅದು ಬಂದಾಗ ನಾನು ಮೇಲೆ ಫ್ಯಾನಿನ ಕಡೆ ನೋಡಿದೆ.

"ಮೇಡಂ, ಇದು ಗೊತ್ತಾಗಿದ್ದು ಯಾವತ್ತು?"

"ಗುರುವಾರ."

"ಗುರುವಾರಾನೇ ಬಂದಿದ್ರೆ..." ಎಂದು ಶುರುಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಇರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡ್ತಾ ಇರತ್ತೆ. ಎಲ್ಲಾದ್ರೂ ಸ್ವಲ್ಪ ನಿಂತಿದ್ರೆ ಹಿಡೀಬಹುದು. ಈಗ್ಲೇ ಪೊಲೀಸ್ ದೂರು ಕೊಡಿ."

ನಾಲ್ಕು ದಿನ. ಮರ್ಯಾದೆ ಹೋಗದಿರಲಿ ಎಂದು ನಾಲ್ಕು ದಿನ ಕೂತಿದ್ದೆ. ಅಷ್ಟರಲ್ಲಿ ಹಣ ಹೋಯಿತು. ಮರ್ಯಾದೆ ಹೇಗೂ ಹೋಯಿತು.

ಪೊಲೀಸಿನವರು ಹೊಡೆಯುವುದೊಂದು ಬಾಕಿ ಎಂದುಕೊಂಡು ಹೋದೆ. ಅಲ್ಲಿ ಕೂತಿದ್ದ ದಪ್ಪ ಮೀಸೆಯವರು ಆಕಳಿಸಿಕೊಂಡು, "ನಿಮ್ಮದು ಇವತ್ತಿಗೆ ಒಂಬತ್ತನೇದು. ಬೆಳಿಗ್ಗೆ ಒಬ್ಬರು ಪ್ರೊಫೆಸರ್ ಬಂದಿದ್ರು," ಎಂದರು. ಸಮಾಧಾನ ಆಗಬಾರದಿತ್ತು. ಆಯಿತು.

ಮಾರ್ಚ್ 11, ಮಂಗಳವಾರ

ಆಮೆ ಏಳಕ್ಕೆ ಸರಿಯಾಗಿ ಬಂದಳು. ನಿನ್ನೆಯ ಸುದ್ದಿ ಎತ್ತಲಿಲ್ಲ. ಸೀಟು ಸರಿ ಮಾಡಿಕೊಂಡಳು, ಕನ್ನಡಿ ನೋಡಿಕೊಂಡಳು, ಹೊರಟಳು. ಬಸ್ಸು ಹಿಂದೆ ಹಾಕಿತು. ಕಸದ ಗಾಡಿ ಹಿಂದೆ ಹಾಕಿತು.

"ಮೇಡಂ, ಯಾಕೆ ಏನೂ ಹೇಳ್ತಿಲ್ಲ?"

"ಏನು ಹೇಳಲಿ? ಹೋಗ್ತಾ ಇದೀಯಲ್ಲ."

ಗಂಟಲು ಕಟ್ಟಿದೆ, ಅದಕ್ಕೆ.

ಮಾರ್ಚ್ 14, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಪಾಠವಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಎದುರಿಗೆ ಅತ್ತೆ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಫೋನಿಗೆ ಒಂದು ಚಾಟ್ ಬಂತು. 'ನಮಸ್ಕಾರ, ನಾವು ಬ್ಯಾಂಕಿನ ವಂಚನೆ ವಸೂಲಾತಿ ವಿಭಾಗ. ನಾಲ್ಕನೇ ತಾರೀಕು ನಿಮ್ಮ ಖಾತೆಯಿಂದ ಮೂರು ಬಾರಿ ಹೋದ ಹಣ ಪತ್ತೆಯಾಗಿದೆ.' ಎಷ್ಟು ಹೋಯಿತೆಂದು ಚಿಲ್ಲರೆ ಸಮೇತ ಬರೆದಿದ್ದರು. ಬಿಡಿಸಿಕೊಳ್ಳಲು ಸಣ್ಣದೊಂದು ಶುಲ್ಕ ಕಟ್ಟಬೇಕಂತೆ.

ನಾನು ಏನು ಮಾಡಿದೆ ಎಂದು ಬರೆಯಲು ಕೈ ಬರುತ್ತಿಲ್ಲ. 'ಹೇಗೆ ಕಟ್ಟಬೇಕು?' ಎಂದು ಕೇಳಿದೆ.

ಹೌದು. ಹತ್ತು ದಿನದ ಮೇಲೆ, ಅದೇ ಹಳ್ಳಕ್ಕೆ, ಅದೇ ಕಾಲು ಮುಂದಿಟ್ಟು. ಕತ್ತೆಯೂ ಒಮ್ಮೆ ಬಿದ್ದ ಹಳ್ಳಕ್ಕೆ ಮತ್ತೆ ಬೀಳುವುದಿಲ್ಲವಂತೆ. ಕತ್ತೆಗೆ ಯಾರೂ ಚಾಟ್‌ನಲ್ಲಿ ನಮಸ್ಕಾರ ಹೇಳುವುದಿಲ್ಲ, ಅದಕ್ಕೆ.

"ಯಾರದು?" ಎಂದರು ಅತ್ತೆ.

"ಯಾರೂ ಅಲ್ಲ."

"ಯಾರೂ ಅಲ್ಲದೋರ ಜೊತೆ ಮಾತಾಡೋವಾಗ ನಿನ್ನ ಮುಖ ಹೀಗಿರಲ್ಲ. ಒಂದು ವಾರದಿಂದ ನೋಡ್ತಿದೀನಿ. ನನಗೆ ಒಂದು ಬೈಗುಳಾನೂ ಬಂದಿಲ್ಲ. ಏನು ಕಾಯಿಲೆ?"

ಸುಳ್ಳು ಹೇಳಲು ಬಾಯಿ ತೆರೆದೆ. ನಿಜ ಬಂತು. ಟೈರಿನಿಂದ ಹಿಡಿದು ನಕ್ಷತ್ರದವರೆಗೆ.

ಅವರು ಆಲೂಗಡ್ಡೆ ಕೆಳಗಿಡಲಿಲ್ಲ. ಚಾಕು ಮಾತ್ರ ನಿಂತಿತು.

"ನನ್ನದೂ ಹೋಯ್ತಾ?"

"ಹೋಯ್ತು."

"ಎಲ್ಲಾ?"

"ಎಲ್ಲಾ."

ಚಾಕು ಮತ್ತೆ ಓಡತೊಡಗಿತು. ಆಮೇಲೆ ಅತ್ತೆ ಎಂದರು, "ನನ್ನ ಹತ್ರ ಇದ್ದಿದ್ರೂ ಕಳೆದುಹೋಗ್ತಿತ್ತು ಅಂದ್ರೆ ನಿನಗೆ ಸಮಾಧಾನ ಆಗತ್ತೆ. ಆದ್ರೆ ಹೋಗ್ತಿರಲಿಲ್ಲ."

"ಗೊತ್ತು," ಎಂದೆ.

"ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ತೊಂದು ವರ್ಷ ಕೂತಿದ್ದೆ. ಬೈದೋರಿಗೆಲ್ಲ 'ತೊಂದರೆಗೆ ಕ್ಷಮಿಸಿ ಸರ್' ಅಂದಿದೀನಿ. ಒಂದು ಸಲಾನೂ ಮನಸ್ಸಿಂದ ಅಂದಿಲ್ಲ. ಸಂಬಳ ಕೊಡ್ತಿದ್ರು, ಅಂದೆ. ಗೊತ್ತಿಲ್ಲದವನು ಜೇನು ಸುರಿಸಿದ ಕೂಡಲೇ ನಾನು ಯೋಚನೆ ಮಾಡೋದು ಒಂದೇ. ಇಷ್ಟು ಸವಿಮಾತಿಗೆ ಇವನಿಗೆ ಸಂಬಳ ಕೊಡೋರು ಯಾರು?" ಸ್ವಲ್ಪ ತಡೆದು ಕೇಳಿದರು, "ನಿನ್ನವನಿಗೆ ಯಾರು ಕೊಟ್ರು?"

"ನಾನೇ."

"ನಾವು," ಎಂದು ತಿದ್ದಿದರು. ಆ ಒಂದು ಮಾತು ಚಾಕುವಿಗಿಂತ ಚೂಪಾಗಿತ್ತು.

ನಾನು ಫೋನ್ ತೋರಿಸಿದೆ. "ಇವರು ಬೇರೆ ಅತ್ತೆ. ಎಷ್ಟು ಹೋಯ್ತು ಅಂತ ಪೈಸೆ ಸಮೇತ ಗೊತ್ತು ಇವರಿಗೆ. ಬ್ಯಾಂಕಿನೋರಲ್ಲದೆ ಇನ್ಯಾರಿಗೆ ಗೊತ್ತಿರತ್ತೆ?"

"ಕದ್ದೋನಿಗೆ."

ಎಂಟು ದಿನ ನಿದ್ದೆಗೆಟ್ಟ ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಆಲೂಗಡ್ಡೆ ಸುಲಿಯುತ್ತಿದ್ದವರಿಗೆ ಹೊಳೆಯಿತು.

ಅವರೇ ನನ್ನ ಹೊಸ ಕಾರ್ಡ್ ತರಿಸಿ, ಕನ್ನಡಕ ಹಾಕಿಕೊಂಡು, ಬೆನ್ನಿನ ಮೇಲೆ ಅಚ್ಚಾದ ನಂಬರನ್ನು ಒಂದೊಂದಾಗಿ ಓದಿದರು. "ಇದಕ್ಕೆ ಮಾಡು. ಅವರು ಕಳಿಸಿದ್ದಕ್ಕಲ್ಲ, ಅಂತರ್ಜಾಲದಲ್ಲಿ ಹುಡುಕಿದ್ದಕ್ಕಲ್ಲ. ಇದಕ್ಕೆ." ಮತ್ತೆ ಅದೇ ಕೊಳಲು. ಆಲೂಗಡ್ಡೆ ಬೆಂದು ಮೆತ್ತಗಾಗುವವರೆಗೂ ಕೊಳಲು. ಕೊನೆಗೆ ಒಬ್ಬ ಹೆಣ್ಣುಮಗಳು ತೆಗೆದುಕೊಂಡಳು. ನೆಗಡಿಯಾಗಿತ್ತು, ಸಹನೆ ಇರಲಿಲ್ಲ. "ಅಂಥ ವಿಭಾಗ ನಮ್ಮಲ್ಲಿಲ್ಲ. ಚಾಟ್‌ನಲ್ಲಿ ನಾವು ಹಣ ಕೇಳಲ್ಲ, ಒಟಿಪಿನೂ ಕೇಳಲ್ಲ. ಆ ನಂಬರ್ ಬ್ಲಾಕ್ ಮಾಡಿ, ಪೊಲೀಸರಿಗೆ ಕೊಡಿ. ಬೇರೇನಾದ್ರೂ ಇದ್ಯಾ?" ಎಂದು ಗದರಿಸಿದಳು. ಊಟ ಆಯಿತೇ ಎಂದು ಕೇಳಲಿಲ್ಲ.

ಅಷ್ಟು ಒರಟು ದನಿ ಅಷ್ಟು ನೆಮ್ಮದಿ ಕೊಡುತ್ತದೆ ಎಂದು ಗೊತ್ತಿರಲಿಲ್ಲ.

ಮಾರ್ಚ್ 16, ಭಾನುವಾರ

ಅತ್ತೆ ಮಾತು ಬಿಟ್ಟಿದ್ದಾರೆ. ಮೊನ್ನೆ ಧೈರ್ಯ ಹೇಳಿದವರು ನಿನ್ನೆಯಿಂದ ಗೋಡೆಯ ಜೊತೆ ಮಾತಾಡುತ್ತಿದ್ದಾರೆ. "ಗೋಡೆ, ಕಾಫಿ ಮೇಜಿನ ಮೇಲಿದೆ ಅಂತ ಹೇಳು." ಸಿಟ್ಟು ತಡವಾಗಿ ಬಂದಿದೆ. ಬರಬೇಕಾದದ್ದೇ. ಮೂವತ್ತೊಂದು ವರ್ಷದ ಕ್ಷಮಿಸಿ-ಸರ್‌ಗಳ ಹಣ.

ಗೋಡೆಗೆ ಹೇಳಿದೆ, ಕ್ಷಮಿಸಿ ಅಂತ ಹೇಳು ಎಂದು. ರೇಡಿಯೊ ಜೋರಾಯಿತು.

ಮಾರ್ಚ್ 19, ಬುಧವಾರ

ಕಾರು ಮಾರುವವನಿಗೆ ಬೇಡವೆಂದು ಹೇಳಿದೆ. "ಯಾಕೆ ಮೇಡಂ, ಬೇರೆ ಕಡೆ ಕಡಿಮೆಗೆ ಸಿಕ್ತಾ?" ಎಂದ. "ಬೇರೆ ಕಡೆ ದುಬಾರಿಯಾಯ್ತು," ಎಂದೆ.

ಆಮೆಯ ಪರೀಕ್ಷೆ ಇತ್ತು. ಫೇಲು. ಕಾರಣ: ಅತಿ ನಿಧಾನ, ಸಂಚಾರಕ್ಕೆ ಅಡ್ಡಿ. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತಳು. ಅಳುವವರಿಗೆ ನಾನು ಸಾಮಾನ್ಯವಾಗಿ ಹೇಳುವ ಮಾತೊಂದಿದೆ, ಅದು ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ಉಳಿಯಿತು.

"ನಿನಗೆ ಭಯ ಯಾತಕ್ಕೆ?" ಎಂದು ಕೇಳಿದೆ. ಎರಡು ತಿಂಗಳಲ್ಲಿ ಇದನ್ನು ಕೇಳಬೇಕೆಂದು ತೋಚಿರಲಿಲ್ಲ.

ಅವಳ ಅಣ್ಣ ಓಡಿಸುತ್ತಿದ್ದ ಕಾರು ಅಪಘಾತವಾದಾಗ ಅವಳು ಹಿಂದಿನ ಸೀಟಿನಲ್ಲಿದ್ದಳಂತೆ. ಅಣ್ಣನಿಗೆ ಈಗಲೂ ಒಂದು ಕಾಲು ಮಡಚಲು ಬರುವುದಿಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೆಂದೇ ಅವಳು ಕಲಿಯುತ್ತಿರುವುದು.

ಮುಂದಿನ ವಾರದಿಂದ ಅವಳಿಗೆ ಆರೂವರೆಗೆ ಪಾಠ, ರಸ್ತೆ ಖಾಲಿ ಇರುತ್ತದೆ. ಬೇಗ ಏಳುವುದು ನನಗೂ ಒಳ್ಳೆಯದೇ ಎಂದು ಎಲ್ಲೋ ಓದಿದ್ದೆ.

ಮಾರ್ಚ್ 25, ಮಂಗಳವಾರ

ಬ್ಯಾಂಕಿನಿಂದ ಪತ್ರ. ಮೂರು ಪಾಲಿನಲ್ಲಿ ಒಂದು ಪಾಲು ಯಾವುದೋ ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿದೆ, ವಾಪಸಾಗುತ್ತದೆ. ಉಳಿದೆರಡು 'ಪತ್ತೆಯಾಗಿಲ್ಲ'. ಪಾಪ, ದಾರಿ ತಪ್ಪಿರಬೇಕು. ಟೈರಿನ ಹಣ ಮಾತ್ರ ತಾನಾಗಿಯೇ ವಾಪಸು ಬಂದಿತ್ತಂತೆ, ಹನ್ನೊಂದನೇ ತಾರೀಕೇ. ಯಾರನ್ನೂ ಕೇಳದೆ ಸುಮ್ಮನಿದ್ದಿದ್ದರೂ ಬರುತ್ತಿತ್ತು. ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದೆ ಪತ್ರವನ್ನು ಅತ್ತೆಯ ಮುಂದಿಟ್ಟೆ.

ಅವರು ಎರಡು ಸಲ ಓದಿದರು. "ಬರೋದು ನನ್ನ ಖಾತೆಗೆ ಹೋಗಲಿ," ಎಂದರು. ಗೋಡೆಗಲ್ಲ, ನನಗೆ.

"ಹೋಗಲಿ."

"ನನ್ನ ಫೋನಿಗೆ ಆ ಆಪ್ ವಾಪಸ್ ಹಾಕು."

ಹಾಕಿದೆ. ಗುಪ್ತಸಂಖ್ಯೆ ಒತ್ತುವಾಗ, ನೀನು ಆ ಕಡೆ ತಿರುಗು ಎಂದರು. ತಿರುಗಿದೆ.

ಇವತ್ತಿನಿಂದ ಹೊಸ ವಿದ್ಯಾರ್ಥಿ ಒಬ್ಬರು. ಎರಡು ರಸ್ತೆ ಆಚೆ ಕ್ಷೌರದಂಗಡಿ ಇಟ್ಟುಕೊಂಡಿದ್ದಾರೆ, ಐವತ್ತೈದು ವಯಸ್ಸು. ಹೆಂಡತಿ ಆಸ್ಪತ್ರೆಯಲ್ಲಿ ದಾದಿ, ಮಗಳು ಓದುತ್ತಿದ್ದಾಳೆ, ಎಡಗಿವಿ ಸ್ವಲ್ಪ ಮಂದ. ಕತ್ತರಿ ಹಿಡಿದ ಕೈ, ಸ್ಟೇರಿಂಗ್ ಮೇಲೂ ನಯವಾಗಿ ಓಡುತ್ತದೆ. ಅಡ್ಡಹೆಸರು ಇನ್ನೂ ಹೊಳೆದಿಲ್ಲ.

ಮಾರ್ಚ್ 29, ಶನಿವಾರ

ಬೆಳಗಿನ ಪಾಠ ಪೂರ್ತಿ ದಂಡವಾಯಿತು.

ಕ್ಷೌರದಂಗಡಿಯವರು ಓಡಿಸುತ್ತಿದ್ದರು. ಶರ್ಟಿನ ಜೇಬಿನಲ್ಲಿ ಫೋನು ಕುಯ್ ಕುಯ್ ಎನ್ನುತ್ತಿತ್ತು. ಮೂರನೆಯ ಸಲಕ್ಕೆ ಅವರೇ ಗಾಡಿ ಪಕ್ಕಕ್ಕೆ ಹಾಕಿದರು, ಸೂಚಕ ದೀಪ ಹಾಕದೆ.

"ಒಂದೇ ನಿಮಿಷ ಮೇಡಂ. ಬ್ಯಾಂಕಿನೋರು ಚಾಟ್‌ನಲ್ಲಿ ಕಾಯ್ತಿದಾರೆ. ಮಗಳ ಕಾಲೇಜಿನ ಫೀಸು ಕಟ್ಟಿದ್ದು ಸಿಕ್ಕಿಹಾಕಿಕೊಂಡಿದೆ. ನಿನ್ನೆ ರಾತ್ರಿ ಅವರ ಪುಟದಲ್ಲಿ ಬರೆದಿದ್ದೆ, ತಕ್ಷಣ ಬಂದ. ಬಹಳ ಒಳ್ಳೆ ಹುಡುಗ."

ಒಟಿಪಿ ಆಗಲೇ ಬಂದಿತ್ತು. ಆರು ಅಂಕಿಯಲ್ಲಿ ನಾಲ್ಕನ್ನು ಬೆರಳು ಒತ್ತಿಯಾಗಿತ್ತು. ನಾನು ಅವರ ಕೈ ಹಿಡಿದೆ. ಮೂವತ್ತು ವರ್ಷದಲ್ಲಿ ವಿದ್ಯಾರ್ಥಿಗಳ ಕೈಯಿಂದ ಸ್ಟೇರಿಂಗ್ ಎಷ್ಟೋ ಸಲ ಕಿತ್ತುಕೊಂಡಿದ್ದೇನೆ, ಕೈ ಹಿಡಿದದ್ದು ಇದೇ ಮೊದಲು. ಇಬ್ಬರಿಗೂ ಗಾಬರಿಯಾಯಿತು.

"ಕಳಿಸಬೇಡಿ. ಅವನು ಬ್ಯಾಂಕಿನೋನಲ್ಲ."

ಅವರ ಮುಖ ಕೆಂಪಾಯಿತು. "ಏನು ಮೇಡಂ, ನನಗೆ ಅಷ್ಟೂ ಬುದ್ಧಿ ಇಲ್ವಾ? ಲಾಂಛನ ಇದೆ, ದೂರಿನ ಸಂಖ್ಯೆ ಇದೆ. ನಾನೇನು ದಡ್ಡನಾ?"

"ಅಲ್ಲ. ನಾನೂ ದಡ್ಡಿ ಅಲ್ಲ."

ಮತ್ತೆ ಹೇಳಿದೆ. ಟೈರು, ಕೊಳಲು, ಎರಡು ನಿಮಿಷ, ಒಳಗಿನವರು. ಅತ್ತೆಯ ಹಣವೂ ಹೋಯಿತು ಎನ್ನುವಾಗ ದನಿ ಸ್ವಲ್ಪ ಕೈಕೊಟ್ಟಿತು, ಹೊರಗೆ ಧೂಳು ಬಹಳ. ಅವರು ಮಂದವಲ್ಲದ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. ನಡುವೆ ಫೋನು ಮತ್ತೆ ಕೂಗಿತು: 'ಸರ್, ಬೇಗ, ಸಮಯ ಮೀರುತ್ತಿದೆ.' ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ನಾಲ್ಕು ಅಂಕಿಗಳನ್ನು ಒಂದೊಂದಾಗಿ ಅಳಿಸಿದರು.

ಕಾರ್ಡಿನ ಬೆನ್ನಿನ ನಂಬರಿಗೆ ಫೋನ್ ಹಚ್ಚಿದೆವು. ಎಂಜಿನ್ ಆರಿಸಿ, ಮುಚ್ಚಿದ ಪೀಠೋಪಕರಣದ ಅಂಗಡಿಯ ಮುಂದೆ, ಇಪ್ಪತ್ತೇಳು ನಿಮಿಷ ಇಬ್ಬರೂ ಕೂತೆವು. ಕೊಳಲು ಮುಗಿದ ಮೇಲೆ ಬಂದವನು ಕಾರ್ಡು ಬಂದ್ ಮಾಡಿದ. ಹಣ ಏನೂ ಹೋಗಿಲ್ಲ, ಫೀಸಿನದು ಎರಡು ದಿನದಲ್ಲಿ ಸರಿಹೋಗುತ್ತದೆ ಎಂದ. ಇವರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಅದು ಮೊದಲೇ ಶುಭ್ರವಾಗಿತ್ತು.

ವಾಪಸು ಬರುವಾಗ ಎರಡು ಸಲ ಗಾಡಿ ನಿಲ್ಲಿಸಿಬಿಟ್ಟರು. ಹಿಂದಿನವನು ಹಾರ್ನು ಹೊಡೆದ. ನಾನು ಕಿಟಕಿಯಿಂದ ತಲೆ ಹಾಕಿ ಅವನಿಗೆ ಮಾತ್ರ ಎರಡು ಮಾತು ಹೇಳಿದೆ.

ಇಳಿಯುವಾಗ ಕೇಳಿದರು, "ಮೇಡಂ, ಇದನ್ನ ನನ್ನ ಅಂಗಡಿಗೆ ಬರೋರಿಗೆ ಹೇಳಬಹುದಾ? ದಿನಕ್ಕೆ ಮೂವತ್ತು ತಲೆ ಬರತ್ತೆ. ನಿಮ್ಮ ಹೆಸರು ಹೇಳಲ್ಲ, ಯಾರೋ ಒಬ್ಬರಿಗೆ ಹೀಗಾಯ್ತು ಅಂತೀನಿ."

ಯಾರೋ ಒಬ್ಬರು. ಚೆನ್ನಾಗಿತ್ತು, ಒಪ್ಪಿಕೊಳ್ಳಬಹುದಿತ್ತು.

"ಯಾರೋ ಒಬ್ಬರು ಅಂದ್ರೆ ಯಾರೂ ನಂಬಲ್ಲ," ಎಂದೆ. "ಯಾರೋ ದಡ್ಡರು ಅಂದ್ಕೊಂಡು ಗಡ್ಡ ಕೆರೆಸಿಕೊಂಡು ಹೋಗ್ತಾರೆ. ನನ್ನ ಹೆಸರೇ ಹೇಳಿ. ಡ್ರೈವಿಂಗ್ ಸ್ಕೂಲಿನ ಬಾಯಿಬಡಕಿ ಅನ್ನಿ, ಎಲ್ಲರಿಗೂ ಗೊತ್ತಾಗತ್ತೆ."

ಸಂಜೆಯೊಳಗೆ ಮೂವತ್ತು ತಲೆ, ಅರವತ್ತು ಕಿವಿ. ನಾಳೆಯಿಂದ ರಸ್ತೆಯಲ್ಲಿ ತಲೆ ಎತ್ತಿ ಓಡಾಡಿದ ಹಾಗೇ ಇದೆ. ಅತ್ತೆಗೂ ಹೇಳಿದೆ. "ಹೇಳಿದ್ಯಾ? ಒಳ್ಳೇದಾಯ್ತು ಬಿಡು," ಎಂದು ತಟ್ಟೆ ಮುಂದಿಟ್ಟು, "ಊಟ ಮಾಡು," ಎಂದರು.